ಬಲಗಡೆಯ ಸೀಟಿನ ಇತಿಹಾಸ

ನನ್ನ ನೆನಪಿನ ಶಕ್ತಿಯ ಬಗ್ಗೆ ಊರಿನವರಿಗೆ ಇರುವಷ್ಟು ಗೌರವ ನನಗಿಲ್ಲ. ಯಾರ ಮದುವೆಗೆ ಯಾರು ಬಂದಿರಲಿಲ್ಲ, ವಾಡಿಯ ಯಾವ ಗಲ್ಲಿಗೆ ಮೊದಲು ನಲ್ಲಿ ಬಂತು ಎಂದೆಲ್ಲ ಜನ ನನ್ನನ್ನು ಕೇಳುತ್ತಾರೆ. ನಾನು ತಡವರಿಸದೆ ಹೇಳುತ್ತೇನೆ. ತಡವರಿಸದೆ ಹೇಳಿದ್ದನ್ನು ಜನ ನಿಜವೆಂದು ತಿಳಿಯುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ ನಾನು ಕಲಿತ ಮುಖ್ಯ ವಿದ್ಯೆ ಅದು. ಹೋದ ಚಳಿಗಾಲದಲ್ಲಿ ಒಂದು ಕಾರು ಮಾರಲು ಹೋಗಿ ಆ ವಿದ್ಯೆ ನನಗೇ ತಿರುಗಿಬಿತ್ತು.

ಕಾರು ಅಪ್ಪನದು. ಅಪ್ಪ ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರಿ. ಬಂದ ಲಾಭದಲ್ಲಿ ಬೇರೆಯವರು ಹೊಲ ಕೊಂಡರೆ ಅಪ್ಪ ಹಳೆಯ ಗಾಡಿಗಳನ್ನು ಕೊಳ್ಳುತ್ತಿದ್ದ. ವಾಡಿಯ ರೈಲು ಹಳಿಯ ಪಕ್ಕದ ನಮ್ಮ ಶೆಡ್ಡಿನಲ್ಲಿ ಒಂದು ಜೀಪು, ಎರಡು ಮೋಟಾರ್‌ಸೈಕಲ್ಲು, ಹಾಲಿನ ಡಬ್ಬಿಯಷ್ಟೇ ಇದ್ದ ಒಂದು ಇಂಗ್ಲಿಷ್ ಕಾರು ಇದ್ದವು. ಅವೆಲ್ಲ ಒಂದೊಂದಾಗಿ ಹೋದ ಮೇಲೆ ಉಳಿದದ್ದು ಈ ಅಮೆರಿಕನ್ ಕಾರು. ಎರಡೇ ಬಾಗಿಲು, ಎಂಟು ಸಿಲಿಂಡರು, ಅರ್ಧ ಗಾಡಿಯೆಲ್ಲ ಬಾನೆಟ್ಟೇ. ಅಲ್ಲಿಯವರು ಇಂಥದನ್ನು ಮಸಲ್ ಕಾರು ಎನ್ನುತ್ತಾರಂತೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರನೊಬ್ಬ ತನ್ನೂರಿಗೆ ಹೊರಡುವಾಗ ಅಪ್ಪನಿಗೆ ಕೊಟ್ಟು ಹೋದದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಖಾಜಾ ಮಿಸ್ತ್ರಿ, “ಸಾಹೇಬ್ರ, ಇದು ಪೆಟ್ರೋಲ್ ಕುಡಿಯಾಂಗಿಲ್ರಿ, ಪೆಟ್ರೋಲ್‌ದಾಗ ಜಳಕಾ ಮಾಡ್ತದ” ಎನ್ನುತ್ತಿದ್ದನಂತೆ.

ಅದರ ಸ್ಟೇರಿಂಗು ಎಡಗಡೆ. ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ರಗಳೆಯೆಲ್ಲ ಇದರಿಂದಲೇ ಹುಟ್ಟಿದ್ದು. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಗಾಡಿ ಹೊಡೆಯುವವನಿಗೆ ಮುಂದೆ ಹೋಗುವ ಲಾರಿಯ ಹಿಂಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಕಾಣುವುದಿಲ್ಲ. ಲಾರಿ ದಾಟಬೇಕೆಂದರೆ ಬಲಗಡೆ ಕೂತವರು ಇಣುಕಿ ನೋಡಿ, “ಖಾಲಿ ಅದ” ಎನ್ನಬೇಕು, ಇಲ್ಲವೇ “ತಡೀರಿ” ಎನ್ನಬೇಕು. ನಮ್ಮ ಮನೆಯಲ್ಲಿ ಅದೊಂದು ನೌಕರಿಯೇ ಆಗಿತ್ತು. ಅವ್ವ ಆ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದಳಾದ್ದರಿಂದ ಅವಳನ್ನು ಮೊದಲೇ ನೌಕರಿಯಿಂದ ತೆಗೆಯಲಾಗಿತ್ತು.

ಒಮ್ಮೆ ನಾವು ಚಿಂಚೋಳಿಯಿಂದ ವಾಡಿಗೆ ಬರುತ್ತಿದ್ದೆವು. ಸೇಡಂ ದಾಟಿ ಚಿತ್ತಾಪುರದ ಹಾದಿ ಹಿಡಿದಿದ್ದೆವು. ಮುಂದೆ ಫರ್ಸಿ ತುಂಬಿದ ಲಾರಿ. ಬಲಗಡೆ ಕೂತಿದ್ದ ನಾನು, ಐದು ವರ್ಷದವನು, ಇಣುಕಿ ನೋಡಿ “ಖಾಲಿ ಅದ” ಎಂದೆ. ಅಪ್ಪ ಗಾಡಿಯನ್ನು ಬಲಕ್ಕೆ ತೆಗೆದ. ಎದುರಿಗೆ ಎತ್ತಿನ ಬಂಡಿ. ಅದನ್ನು ತಪ್ಪಿಸಲು ಹೋಗಿ ಕಾರು ರಸ್ತೆ ಬಿಟ್ಟು ಇಳಿದು, ಬಲ ಮಡ್‌ಗಾರ್ಡು ಸಣ್ಣ ಸೇತುವೆಯ ಕಟ್ಟೆಗೆ ಬಡಿಯಿತು. ಬಂಡಿ ನನಗೆ ಕಂಡಿತ್ತು, ರಸ್ತೆಯ ಬದಿಗೆ ನಿಂತಿದೆ ಎಂದುಕೊಂಡಿದ್ದೆ. ಎತ್ತುಗಳ ಕೊಂಬಿಗೆ ಕೆಂಪು ಬಣ್ಣ ಇದ್ದದ್ದು ಕೂಡ ನೆನಪಿದೆ. ಅಪ್ಪ ನನ್ನನ್ನು ಬೈಯಲಿಲ್ಲ.

ಐವತ್ತು ಚಿಲ್ಲರೆ ವರ್ಷ ನಾನು ಈ ತಪ್ಪನ್ನು ಸಾಕಿಕೊಂಡು ಬಂದೆ. ಕೊರಗಿನ ಜೊತೆ ಸಣ್ಣ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅಪ್ಪ ಯಾರ ಮಾತನ್ನೂ ಕೇಳುವವನಲ್ಲ. ಅಂಥವನು ಒಮ್ಮೆ ನನ್ನ ಎರಡು ಶಬ್ದ ನಂಬಿ ಇಡೀ ಸಂಸಾರವನ್ನು ರಸ್ತೆಯ ಬಲಕ್ಕೆ ತಂದಿದ್ದ. ತಂದೆಯ ಜೊತೆ ಅದಕ್ಕಿಂತ ಹತ್ತಿರದ ಇನ್ನೊಂದು ನೆನಪು ನನಗಿಲ್ಲ.

ಸರಿ, ಮಾರುವ ವಿಷಯಕ್ಕೆ ಬರೋಣ. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ನಿವೃತ್ತನಾದ ಮೇಲೆ ಒಂದು ಕಡೆ ಕೂಡದ ನಾನು ವಾಡಿಯಲ್ಲಿ ಇರುವುದೇ ಅಪರೂಪ. ಅಕ್ಕ ಶರಣಮ್ಮ ಚಿಂಚೋಳಿ ಪಕ್ಕದ ಚಂದಾಪುರದಲ್ಲಿ. ಗಾಡಿ ಹೊಡೆಯಲು ಇಬ್ಬರಿಗೂ ಬರುವುದಿಲ್ಲ. ಶೆಡ್ಡಿನಲ್ಲಿ ಸಿಮೆಂಟಿನ ಧೂಳು ಕೂತು, ಮಳೆಗಾಲದ ತಂಪಿಗೆ ಗಟ್ಟಿಯಾಗಿ, ಕಾರು ವರ್ಷವರ್ಷಕ್ಕೆ ತಾನೂ ಫರ್ಸಿಯಾಗುತ್ತಿತ್ತು. ಓಡಿಸುವವರ ಕೈಗೆ ಹೋದರೆ ಬದುಕೀತು ಎಂದು ಇಬ್ಬರೂ ಒಪ್ಪಿದೆವು.

ಹೈದರಾಬಾದಿನಿಂದ ರೆಡ್ಡಿ ಎಂಬವರು ನೋಡಲು ಬಂದರು. ಹಳೆಯ ಕಾರು ಕೂಡಿಡುವವರು. ತಾಯಿಯ ತವರು ಸೇಡಂ ಕಡೆಯದಾದ್ದರಿಂದ ಕನ್ನಡ ಚೆನ್ನಾಗಿತ್ತು. ಅವರು ಎಂಜಿನ್ ನೋಡುವ ಮೊದಲು ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತ ತೆಗೆದು ಕಾರಿನ ಮೈಮೇಲೆಲ್ಲ ಆಡಿಸಿದರು. ಎಲ್ಲ ಕಡೆ ಗಪ್ಪನೆ ಕಚ್ಚಿಕೊಂಡ ಅಯಸ್ಕಾಂತ ಬಲ ಮಡ್‌ಗಾರ್ಡಿನ ಮೇಲೆ ನಿಲ್ಲದೆ ಕೆಳಗೆ ಬಿತ್ತು.

“ಇಲ್ಲಿ ತಗಡ ನೆಗ್ಗಿದಲ್ಲಿ ಪುಟ್ಟಿ ಲೇಪ ತುಂಬ್ಯಾರ್ರಿ ಮಾಸ್ತರ್ರ. ಏನಾಗಿತ್ತು?”

“ಹಳೇ ಕಥಿ ಅದು.”

“ಆ ಕಥಿನೇ ಬೇಕ್ರಿ ನನಗ. ಇಂಥ ಗಾಡಿಗಿ ಕಥಿ ಅಂದ್ರ ಅರ್ಧಾ ಎಂಜಿನ್ ಇದ್ದಂಗ. ಎಲ್ಲಿ ಬಡೀತು, ಹ್ಯಾಂಗ ಬಡೀತು, ಯಾರ್ಯಾರು ಇದ್ರು, ಬರ್ದು ಮನಿ ಮಂದಿ ಸಹಿ ಮಾಡ್ರಿ. ನಾಳಿಗಿ ಸುಳ್ಳ ಅಂತ ಗೊತ್ತಾದ್ರ ಗಾಡಿ ಮರ್ಯಾದಿ ಹೋಗ್ತದ. ಬರೀಲಿಕ್ಕಿ ಆಗಂಗಿಲ್ಲಂದ್ರ ನನಗ ಗಾಡಿನೂ ಬ್ಯಾಡ.”

ಬರೆಯುವುದು ನನಗೆ ಕಷ್ಟವಲ್ಲ. ಅಂದೇ ಕೂತು ಎರಡು ಪುಟ ಬರೆದೆ. ಕೊಂಬಿನ ಬಣ್ಣವನ್ನೂ ಬಿಡಲಿಲ್ಲ. ಅಕ್ಕನ ಸಹಿಗಾಗಿ ಬಸ್ಸು ಹಿಡಿದು ಚಂದಾಪುರಕ್ಕೆ ಹೋದೆ. ಅಕ್ಕ ಸಾಲಿ ಮಾಸ್ತರಣಿಯಾಗಿದ್ದವಳು. ಕಾಗದ ಕೈಗೆ ಬಂದರೆ ತಪ್ಪು ಹುಡುಕುವುದು ಅಭ್ಯಾಸ. ಚಷ್ಮಾ ಹಾಕಿಕೊಂಡು ಓದಿ, ಕೆಳಗಿಟ್ಟಳು.

“ತಮ್ಮಾ, ಇದು ಯಾರ ಕಥಿ?”

“ನಂದು.”

“ನೀ ಆ ಸೀಟಿನ್ಯಾಗ ಕುಂತ್ರ ಬಾನೆಟ್ಟೂ ಕಾಣ್ತಿರಲಿಲ್ಲ ನಿನಗ. ಬಂಡಿ ಹ್ಯಾಂಗ ಕಂಡೀತು? ನೀ ಹಿಂದ ಅವ್ವನ ತೊಡಿ ಮ್ಯಾಲ ಬಾಯಿ ತಕ್ಕೊಂಡು ಮಕ್ಕೊಂಡಿದ್ದಿ. ಮುಂದ ಕುಂತಾಕಿ ನಾನು. ಖಾಲಿ ಅದ ಅಂದಾಕೀನೂ ನಾನೇ.”

ನಾನು ವಾದಿಸಿದೆ. ಮೂವತ್ತು ವರ್ಷದ ತರ್ಕಶಾಸ್ತ್ರವೆಲ್ಲ ಹೊರಗೆ ಬಂತು. ಅಕ್ಕ ಗದ್ದ ಎತ್ತಿ ತೋರಿಸಿದಳು. ಕೆಳಗೆ ಒಂದು ಹಳೆಯ ಹೊಲಿಗೆಯ ಗುರುತು. “ಡ್ಯಾಶ್‌ಬೋರ್ಡ್ ಬಡಿದದ್ದು. ಇದನ್ನೇನು ಕನ್ನಡಿ ಮುಂದ ಕುಂತು ನಾನೇ ಮಾಡ್ಕೊಂಡೀನೇನು?”

ಆ ಗುರುತನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದದ್ದೆಂದು ಅವ್ವ ಹೇಳುತ್ತಿದ್ದಳು.

“ಮತ್ತ ನನಗ ಹ್ಯಾಂಗ ನೆಪ್ಪದ?”

“ಅಪ್ಪ ಹೇಳಿ ಹೇಳಿ ನೆಪ್ಪಾಗ್ಯದ” ಎಂದಳು ಅಕ್ಕ. “ಬಂದ ಮಂದಿಗೆಲ್ಲ, ಪೋರ ಖಾಲಿ ಅದ ಅಂದ, ನಾ ತಗದೆ, ಅಂತ ಹೇಳ್ತಿದ್ದ. ಪೋರಂದು ತಪ್ಪಾದ್ರ ಮಂದಿ ನಗ್ತಾರ. ಪೋರಿ ಅಂತ ಗೊತ್ತಾಗಿದ್ರ, ಈಕಿ ಬಾಯಿ ಛಲೋ ಅಲ್ಲ, ಅಂದದ್ದು ಕೇಡಾಗ್ತದ ಅಂತ ಲಗ್ನದ ಹೊತ್ತಿಗೂ ಅದನ್ನೇ ತಗೀತಿದ್ರು. ಅದಕ್ಕ ನಿನ್ನ ಮ್ಯಾಲ ಹಾಕ್ದ. ನೀನೂ ಸುಮ್ನ ಹೊತ್ಗೊಂಡಿ. ನಿನಗ ಗೊತ್ತಿದ್ದೇ ಹೊತ್ಗೊಂಡೀದಿ ಅಂತ ತಿಳಕೊಂಡಿದ್ದೆ ನಾ ಇಷ್ಟು ದಿನ.”

ನಮ್ಮ ಹಳೆಯ ತಾರ್ಕಿಕರಾದ ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಕಣ್ಣಾರೆ ಕಂಡದ್ದು ಪ್ರಮಾಣ, ಹೊಗೆಯಿಂದ ಬೆಂಕಿಯನ್ನು ಊಹಿಸಿದ್ದು ಪ್ರಮಾಣ, ನಂಬಬಹುದಾದವರ ಮಾತೂ ಪ್ರಮಾಣ. ನೆನಪು ಪ್ರಮಾಣವಲ್ಲ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡಿದ್ದೇನೆ. ಪರೀಕ್ಷೆಯಲ್ಲಿ ಬರೆಯದ ಹುಡುಗರ ಅಂಕ ಕಡಿದಿದ್ದೇನೆ. ಈಗ ನೋಡಿದರೆ ನನ್ನ ಹತ್ತಿರ ಇದ್ದದ್ದು ನೆನಪು ಕೂಡ ಅಲ್ಲ. ಅದು ಅಪ್ಪನ ಮಾತು, ಆಪ್ತವಾಕ್ಯ. ಆಪ್ತನೇ ಮಗಳ ಸಲುವಾಗಿ ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಯಾವ ತಾರ್ಕಿಕನೂ ನನಗೆ ಕಲಿಸಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಹಗುರವಾಗಲಿಲ್ಲ. ತಪ್ಪು ನನ್ನದಲ್ಲವೆಂದು ತಿಳಿದವನು ಸಂತೋಷಪಡಬೇಕಲ್ಲವೇ? ನಾನು ಜೇಬು ಕತ್ತರಿಸಿಕೊಂಡವನಂತೆ ಕೂತಿದ್ದೆ. ತಪ್ಪಿನ ಜೊತೆ ಅಪ್ಪನ ಪಕ್ಕದ ಸೀಟೂ ಹೋಯಿತಲ್ಲ! ಒಂದು ಕ್ಷಣ, ನಾನು ಬರೆದದ್ದೇ ಇರಲಿ, ರೆಡ್ಡಿಯವರಿಗೆ ಯಾವ ಮಗು ಕೂತಿದ್ದರೆ ಏನು ಎಂದು ಕೇಳುವವನಿದ್ದೆ. ಅಕ್ಕನಿಗೆ ಅದು ತಿಳಿಯಿತೆಂದು ಕಾಣುತ್ತದೆ.

“ನಿನಗ ಬೇಕಂದ್ರ ಹಂಗೇ ಇರಲಿ” ಎಂದಳು. “ಆದ್ರ ನಾ ಇದಕ್ಕ ಸಹಿ ಮಾಡಂಗಿಲ್ಲ. ನನ್ನ ಲಗ್ನ ಆಗಿ ಮೊಮ್ಮಕ್ಕಳಾದ್ವು. ಈಗ್ಯಾದ್ರೂ ನಾ ಅಂದ ಮಾತು ನಂದೇ ಅಂತ ಆಗ್ಲಿ.”

ಹತ್ತು ವರ್ಷದ ಹುಡುಗಿ ಒಂದು ಕ್ಷಣ ತಪ್ಪಾಗಿ ನೋಡಿದ್ದನ್ನು ಒಬ್ಬ ಹೆಂಗಸು ಮುದುಕಿಯಾಗುವವರೆಗೆ ಬಾವಿಯ ಮೆಟ್ಟಿಲ ಮೇಲೆ ಹಾಕಿ ಬದುಕಿದ್ದಳು. ನನ್ನ ಜಂಬಕ್ಕೆ ಅವಳ ಮಾತನ್ನು ಇನ್ನೊಮ್ಮೆ ಕಸಿಯುವುದು ನನ್ನಿಂದಾಗಲಿಲ್ಲ. ಎರಡು ಪುಟ ಹರಿದೆ. ಅಕ್ಕ ತನ್ನ ಕೈಯಲ್ಲೇ ಬರೆದಳು. ಒಂಬತ್ತೇ ಸಾಲು, ಸಾಲಿ ಅಕ್ಷರ, ಒಂದೂ ತಿದ್ದಿಲ್ಲ. “ಕೊಂಬಿನ ಬಣ್ಣ?” ಎಂದೆ. “ಕೊಂಬೇ ಇರಲಿಲ್ಲ, ಬೋಳ ಎತ್ತು” ಎಂದಳು. ನಾನು ಕೆಳಗೆ, ‘ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿದ್ದವನು’ ಎಂದು ಬರೆದು ಸಹಿ ಮಾಡಿದೆ.

ರೆಡ್ಡಿಯವರು ಓದಿ, ಮತ್ತೆ ಓದಿ, “ಇದು ಖರೇ ಅನಸ್ತದ್ರಿ. ಸುಳ್ಳಿಗಿ ಇಷ್ಟು ಸಣ್ಣ ಕಾಗದ ಸಾಲಂಗಿಲ್ಲ” ಎಂದರು. ಮರುವಾರ ಕಾರು ಲಾರಿಯೇರಿ ಹೋಯಿತು. ಕಾಗದವೂ ಅದರ ಜೊತೆ ಹೋಯಿತು.

ಈಗ ನನ್ನ ಕಷ್ಟ ಬೇರೆ. ಮೊನ್ನೆ ಬಸ್ಸಿನಲ್ಲಿ ಚಿತ್ತಾಪುರ ದಾಟುವಾಗ ಆ ಪ್ರಯಾಣ ಮತ್ತೆ ನೆನಪಾಯಿತು, ಈ ಸಲ ಹಿಂದಿನ ಸೀಟಿನಿಂದ. ಅವ್ವನ ಸೀರೆಯ ವಾಸನೆ, ಮುಂದೆ ಅಕ್ಕನ ಎರಡು ಜಡೆ, ಅಪ್ಪ ಅವಳ ಕಡೆ ತಿರುಗಿ ಉತ್ತರಕ್ಕೆ ಕಾಯುತ್ತಿರುವುದು, ಎಲ್ಲ ಸ್ವಚ್ಛವಾಗಿ ಕಾಣುತ್ತದೆ. ಬೋಳ ಎತ್ತುಗಳೂ ಕಾಣುತ್ತವೆ. ನಿದ್ದೆಯಲ್ಲಿದ್ದವನಿಗೆ ಇಷ್ಟೆಲ್ಲ ಹೇಗೆ ಕಂಡಿತೆಂದು ದಯವಿಟ್ಟು ಕೇಳಬೇಡಿ. ಕೇಳಿದರೆ ನಾನು ತಡವರಿಸದೆ ಹೇಳಿಬಿಡುತ್ತೇನೆ.