ಹಿಂದಿನಿಂದ ಕರೆದ ದನಿ

ಸಂಜೆ ಐದಾಯಿತೆಂದರೆ ಅಂಗಳದಲ್ಲಿ ಆ ಕೂಗು ಶುರು.

"ದೆದಾ! ಆಡಿದ್ದು ಸಾಕು, ರೊಟ್ಟಿ ಆರ್ತಿದೆ!" ಎಂದು ಮೂರನೇ ಮಹಡಿಯಿಂದ ತಾಯಿ.

"ಬಂದೆ ದೆದಾ!" ಎಂದು ಕೆಳಗಿನಿಂದ ಮಗಳು.

ಜಾರ್ಜಿಯಾದಲ್ಲಿ ದೆದಾ ಎಂದರೆ ಅಮ್ಮ; ತಾಯಿ ಮಗುವನ್ನು ಮುದ್ದಿನಿಂದ ಕರೆಯುವುದೂ ಅದೇ ಮಾತಿನಿಂದ. ಯಾರು ಯಾರನ್ನು ಕರೆದರೆಂದು ದನಿಯಲ್ಲೇ ತಿಳಿಯಬೇಕು. ಎತೆರಿ ಆ ಹೊತ್ತಿಗೆ ಕಿಟಕಿ ಮುಚ್ಚುತ್ತಾಳೆ.

ಯುದ್ಧದ ವರ್ಷ ಸುಖುಮಿ ಪಟ್ಟಣ ಬಿಟ್ಟು ಬೆಟ್ಟ ಹತ್ತಿ ಬಂದವರಿಗೆಲ್ಲ ತ್ಸ್ಕಾಲ್ಟುಬೊ ಊರಿನ ಈ ಹಳೆಯ ಆರೋಗ್ಯಧಾಮವೇ ಮನೆಯಾಯಿತು. ಇಪ್ಪತ್ತಾರು ವರ್ಷ ಕಳೆದರೂ ಬಾಗಿಲು ಬಡಿದರೆ ಬೆವರುವವರು ಇಲ್ಲಿದ್ದಾರೆ. ಇಲ್ಲೇ ಬೆಳೆದ ಎತೆರಿ ಸಂಗೀತ ಚಿಕಿತ್ಸೆ ಓದಿ ಬಂದು, ನೀರು ಬತ್ತಿದ ಸ್ನಾನದ ಕೊಳದ ಸುತ್ತ ಅವರನ್ನು ಕೂರಿಸಿ ಹಾಡಿಸುತ್ತಾಳೆ. ಒಬ್ಬರು ಮೇಲಿನ ದನಿ ಎತ್ತಿ ಕರೆಯಬೇಕು, ಉಳಿದವರು ತಗ್ಗಿನ ದನಿಯಲ್ಲಿ ಓಗೊಡಬೇಕು. ಎತೆರಿ ಮಾತ್ರ ಯಾವಾಗಲೂ ತಗ್ಗಿನಲ್ಲೇ.

ಲಮಾರಾ ಈ ಹಾಡಿನ ಕೂಟಕ್ಕೆ ಬಂದು ಆರು ತಿಂಗಳು. ಆ ಬೆಟ್ಟದ ಹಿಮದಲ್ಲಿ, ಮುಂದೆ ಓಡಿದ ಮಗಳನ್ನು ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು. ಮಗಳು ತಿರುಗಲೇ ಇಲ್ಲ, ಮತ್ತೆ ಸಿಗಲೂ ಇಲ್ಲ. ಅಂದಿನಿಂದ ಲಮಾರಾ ಯಾರನ್ನೂ ಕೂಗಿ ಕರೆದವಳಲ್ಲ. ಅವಳಿಗಾಗಿ ಎತೆರಿ ಒಂದು ಅಭ್ಯಾಸ ಹೂಡಿದ್ದಳು. ಮುದುಕ ವಾಲಿಕೋ ಬೆನ್ನು ತಿರುಗಿಸಿ ನಡೆಯುವುದು, ಲಮಾರಾ ರಾಗವೆಳೆದು ಕರೆಯುವುದು, ಕೇಳಿದ ಕೂಡಲೇ ಅವನು ತಿರುಗುವುದು. ಇದುವರೆಗೆ ಲಮಾರಾಳ ತುಟಿ ಅಲುಗಿತ್ತು, ಅಷ್ಟೇ.

"ನನ್ನ ಮೊಣಕಾಲು ಇವತ್ತು ರಜೆ ಹಾಕಿದೆ," ಎಂದ ವಾಲಿಕೋ. "ನೀನೇ ನಡಿಯೇ ಎತೆರಿ. ಬರೀ ನಮ್ಮನ್ನ ಓಡಾಡಿಸ್ತೀಯ."

"ನಿಮ್ಮ ಬಾಯಿಗೊಂದು ರಜೆ ಇಲ್ಲ ನೋಡಿ ಮಾವ," ಎಂದು ನಗುತ್ತ ಎತೆರಿ ನಡೆದಳು.

ಹತ್ತು ಹೆಜ್ಜೆ ಇಟ್ಟಿರಬೇಕು.

"ದೆ... ದಾ..."

ಬಿರುಕು ಬಿಟ್ಟ ದನಿ. ಮತ್ತೆ ಬಂತು, ಏರಿತು, ಗೋಡೆಗಳನ್ನೆಲ್ಲ ಮುಟ್ಟಿ ಬಂತು. ಎತೆರಿ ನಿಂತಳು. ಕತ್ತು ತಿರುಗಲಿಲ್ಲ.

ದನಿ ನಿಂತಿತು.

"ಇವಳೂ ತಿರುಗಲಿಲ್ಲ," ಎಂದಳು ಲಮಾರಾ. ಶಾಲು ಹೊದ್ದು ಹೊರಗೆ ಹೋದಳು.

"ಏನೇ ಮಾಡಿದೆ!" ವಾಲಿಕೋ ಎದ್ದು ನಿಂತಿದ್ದ. "ಆರು ತಿಂಗಳು ಕೂತು ಬಾಯಿ ಬಿಡಿಸಿದವಳು ನೀನೇ. ಇನ್ನು ಈ ಜನ್ಮದಲ್ಲಿ ಅವಳು ಯಾರನ್ನಾದ್ರೂ ಕರೀತಾಳಾ?"

ಎತೆರಿ ಕೊಳದ ಅಂಚಿನಲ್ಲಿ ಕುಸಿದು ಕೂತಳು.

"ನಾನಾಗ ಒಂಬತ್ತರವಳು ಮಾವ. ಅದೇ ಬೆಟ್ಟ. ಹಿಂದಿನಿಂದ ಹೀಗೇ ದೆದಾ ಅಂತ ಕೇಳಿಸ್ತು. ಯಾವುದೋ ಮಗು ಅಮ್ಮನ್ನ ಕರೀತಿದೆ ಅಂದ್ಕೊಂಡೆ. ಅಷ್ಟು ಸಣ್ಣಗಿತ್ತು ದನಿ. ನಾನು ನಡೀತಾನೇ ಇದ್ದೆ. ಮೂರು ದಿನ ಆದ್ಮೇಲೆ ಹೇಳಿದ್ರು, ಅಮ್ಮ ಹಿಮದಲ್ಲಿ ಕೂತ ಹಾಗೇ ಇದ್ಲಂತೆ, ಮುಖ ನಾನು ಹೋದ ಕಡೆಗೇ ಇತ್ತಂತೆ."

ವಾಲಿಕೋ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಆಗ ಹೊರಗಿನ ಓಣಿಯಿಂದ ಕೇಳಿತು. ಲಮಾರಾಳೇ ಇರಬೇಕು. ಆದರೆ ಎಷ್ಟು ಸಣ್ಣಗೆ!

"ದೆದಾ..."

ಎತೆರಿ ಎದ್ದಳು. "ನೋಡಿ ಮಾವ, ಅವರು ಕರೀತಿರೋದು ನನ್ನನ್ನೇ..." ಎನ್ನುತ್ತಿದ್ದವಳು ಮಾತನ್ನು ಅಲ್ಲೇ ಬಿಟ್ಟು, ಆಗಲೇ ಬಾಗಿಲು ದಾಟಿದ್ದಳು.