ದನದ ಡಾಕ್ಟರನ ಮಡಿ

ದನದ ಡಾಕ್ಟರ್ ಪ್ರಲ್ಹಾದನ ಮಡಿಗೆ ತಿಕೋಟಾ ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡ ಹೆಸರಿತ್ತು. ಯಾರ ಮನೆಯಲ್ಲೂ ಒಂದು ತುತ್ತು ಮುಟ್ಟುವುದಿಲ್ಲ, ಕೊಟ್ಟಿಗೆಗೆ ಕಾಲಿಟ್ಟರೆ ಮೂಗಿಗೆ ಕರವಸ್ತ್ರ. "ಈ ಕಾಲದಾಗೂ ಎಷ್ಟ ಕಟ್ಟುನಿಟ್ಟ ಅದಾರ ನೋಡ್ರಿ" ಎಂದು ಕನಮಡಿಯ ಹಿರಿಯರು ತಲೆದೂಗುತ್ತಿದ್ದರು. ಆ ಮಡಿ ಪೂರ್ತಿ ಸುಳ್ಳು. ವಿಜಯಪುರದ ತನ್ನ ಮನೆಯಲ್ಲಿ ಸ್ನಾನಕ್ಕೂ ಮೊದಲೇ ಎರಡು ಕಪ್ ಚಹಾ ಮುಗಿಸಿ, ಹೆಂಡತಿ ತುಳಸಾಬಾಯಿಯಿಂದ ದಿನಾ ಬೈಸಿಕೊಳ್ಳುವ ಆಸಾಮಿ ಆತ.

ನಿಜ ಸಂಗತಿ ಶೇಂಗಾ. ಮೂವತ್ನಾಲ್ಕು ವರ್ಷ ಶೇಂಗಾ ಹೋಳಿಗೆಯನ್ನು ಕೂತಲ್ಲೇ ಆರಾರು ಬಾರಿಸಿದವನ ಮೈ ಒಂದು ದಿನ ಏಕಾಏಕಿ ತಿರುಗಿ ಬಿತ್ತು. ಬಬಲೇಶ್ವರದ ಒಂದು ಮದುವೆಯ ಪಂಕ್ತಿಯಲ್ಲಿ ಎರಡು ತುತ್ತು ಚಟ್ನಿ ತಿಂದದ್ದೇ ತಡ, ಮೈತುಂಬ ದದ್ದು ಎದ್ದು, ತುಟಿ ಊದಿ, ಗಂಟಲು ಕಟ್ಟಿ, ಎಲೆಯ ಮೇಲೆಯೇ ಉರುಳಿದ. ಪ್ಯಾಂಟು ಒದ್ದೆಯಾಗಿತ್ತು. "ಹಗಲ ಹೊತ್ತಿನ್ಯಾಗ ಕುಡದ ಬಂದಾನ" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು, ಉತ್ತರ ಕೊಡಲು ನಾಲಗೆ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ಜೀವ ಉಳಿಸಿದರು. ಇನ್ನು ಮೇಲೆ ಶೇಂಗಾ ಬಾಯಿಗೆ ಹೋಗಕೂಡದು, ತೊಡೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಸದಾ ಜೊತೆಗಿರಬೇಕು ಎಂದರು.

ಈ ಸೀಮೆಯಲ್ಲಿ ಶೇಂಗಾ ಬಿಟ್ಟು ಬದುಕು ಅಂದರೆ ಏನು ಹೇಳುವುದು? ಪಲ್ಯದಲ್ಲಿ ಅದರ ಪುಡಿ, ಚಟ್ನಿಯಲ್ಲಿ ಅದೇ, ಬಸ್ಸಿನಲ್ಲಿ ಪಕ್ಕದವನ ಕೈಯಲ್ಲೂ ಅದೇ, ಕೊನೆಗೆ ಎಮ್ಮೆಯ ಬಕೆಟ್ಟಿನಲ್ಲೂ ಶೇಂಗಾ ಹಿಂಡಿ. ಕರವಸ್ತ್ರ ಆ ಹಿಂಡಿಯ ಧೂಳಿಗೆ. ಆದರೆ ಹೋರಿಯನ್ನು ಮೂಗುದಾರ ಹಿಡಿದು ನಿಲ್ಲಿಸುವ ಗಂಡಸು ಒಂದು ಕಾಳಿಗೆ ನೆಲ ಹಿಡಿಯುತ್ತಾನೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಒಮ್ಮೆ ಯಾರೋ ಊಟಕ್ಕೆ ಬಹಳ ಒತ್ತಾಯ ಮಾಡಿದಾಗ "ನಮ್ಮದು ಮಡಿ ಅದರಿ" ಅಂದುಬಿಟ್ಟ. ಒತ್ತಾಯ ಅಲ್ಲಿಗೇ ನಿಂತಿತು, ಮರ್ಯಾದೆ ಹೆಚ್ಚಾಯಿತು. ಪುಕ್ಕಟೆ ಸಿಕ್ಕ ಮರ್ಯಾದೆಯನ್ನು ಯಾರು ಬಿಟ್ಟಾರು? ಒಂಬತ್ತು ವರ್ಷ ಅದನ್ನೇ ಹೊದ್ದುಕೊಂಡು ತಿರುಗಿದ.

ಕಳ್ಳಕವಟಗಿಯ ರೇಣುಕವ್ವನ ಮನೆಯಲ್ಲೂ ಎಂಟು ವರ್ಷದ ಹಿಂದೆ ಅದೇ ಮಾತು ಹೇಳಿದ್ದ. ಅವಳ ಮನೆ ಊರ ಹೊರಗಿನ ಕೇರಿಯಲ್ಲಿ. ಆ ಕೇರಿಯವರ ಕೈಯಿಂದ ನೀರು ಕುಡಿಯದವರು ಊರಿನಲ್ಲಿ ಇನ್ನೂ ಇದ್ದರು. ಹತ್ತು ವರ್ಷದ ಮಗಳು ಶೈಲಶ್ರೀ ರೊಟ್ಟಿ, ಶೇಂಗಾ ಚಟ್ನಿ ಇಟ್ಟ ತಾಟು ಹಿಡಿದು ಬಂದಾಗ ಪ್ರಲ್ಹಾದ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಹೆದರಿದ್ದು ಚಟ್ನಿಗೆ. ಹುಡುಗಿ ನೋಡಿದ್ದು ಹಿಂದೆ ಸರಿದ ಕಾಲನ್ನು. ಅವಳ ಮುಖ ಇಳಿದದ್ದು ಅವನಿಗೂ ಕಂಡಿತ್ತು, ಕಂಡೂ ಸುಮ್ಮನೆ ಬೈಕ್ ಹತ್ತಿದ್ದ. ಆಮೇಲೆ ಆ ಮನೆಯಿಂದ ತಾಟು ಹೊರಗೆ ಬರಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ರೇಣುಕವ್ವನ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತು. ಪ್ರಲ್ಹಾದ ತೋಳು ಪೂರ್ತಿ ಒಳಗೆ ಹಾಕಿ, ಎರಡು ತಾಸು ಒದ್ದಾಡಿ, ಕರುವನ್ನು ಜೀವಂತ ಹೊರತೆಗೆದ. ಸುಸ್ತಾಗಿ ಕಟ್ಟೆಯ ಮೇಲೆ ಕೂತ. ರೇಣುಕವ್ವ ಹತ್ತಿರ ಬರಲಿಲ್ಲ. ನೀರಿನ ಬಾಟಲಿ, ಬಿಸ್ಕೀಟು ಪಾಕೀಟು ಅಂಗಡಿಯಿಂದ ತಂದಿದ್ದಳು. ಎರಡನ್ನೂ ಸೆರಗಿನಲ್ಲಿ ಹಿಡಿದು, ಎಮ್ಮೆ ಹಿಡಿಯಲು ಬಂದಿದ್ದ ಊರೊಳಗಿನ ರೈತ ಬಸಗೊಂಡಪ್ಪನ ಮುಂದೆ ಚಾಚಿದಳು.

"ಯಪ್ಪಾ, ಇದನ್ನ ಸಾಹೇಬ್ರಿಗಿ ನೀವ ಕೊಡ್ರಿ. ಸೀಲ್ ಒಡದಿಲ್ಲ. ಸೆರಗಿನ್ಯಾಗ ಹಿಡದೇನಿ, ನನ್ನ ಕೈ ಹತ್ತಿಲ್ಲ."

ಪ್ರಲ್ಹಾದ ತನ್ನ ಕೈ ನೋಡಿಕೊಂಡ. ಹೆಗಲವರೆಗೆ ಅವಳ ಎಮ್ಮೆಯ ರಕ್ತ ಮೆತ್ತಿತ್ತು. ಆ ಕೈ ಮೈಲಿಗೆಯಾದೀತೆಂದು ಅವಳು ಸೆರಗು ಅಡ್ಡ ಹಿಡಿದಿದ್ದಳು. ಬಬಲೇಶ್ವರದ ಪಂಕ್ತಿಯಲ್ಲಿ ಒದ್ದೆ ಪ್ಯಾಂಟಿನಲ್ಲಿ ಬಿದ್ದಾಗಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

"ರೇಣುಕವ್ವ, ನಂದು ಮಡಿ ಅಲ್ಲ," ಎಂದ. "ಶೇಂಗಾ ತಿಂದ್ರ ನನಗ ಉಸಿರು ಕಟ್ತದ. ಹೇಳ್ಲಿಕ್ಕ ನಾಚಿಕಿ ಬಂದು ಸುಳ್ಳ ಹೇಳಿದೆ."

ಬಸಗೊಂಡಪ್ಪ ನಕ್ಕುಬಿಟ್ಟ. "ಶೇಂಗಾಕ್ಕ ಏನ್ರಿ ಸಾಹೇಬ್ರ?" ಒಂಬತ್ತು ವರ್ಷ ಪ್ರಲ್ಹಾದ ಯಾವ ನಗುವಿಗೆ ಹೆದರಿದ್ದನೋ ಅದು ಇಷ್ಟೇ ಇತ್ತು. ಅರ್ಧ ನಿಮಿಷಕ್ಕೆ ಮುಗಿಯಿತು.

ರೇಣುಕವ್ವ ನಗಲಿಲ್ಲ. "ಆವತ್ತ ನೀವು ತಾಟು ಮುಟ್ಟದ ಹೋದ ಮ್ಯಾಲ ನನ್ನ ಮಗಳು ಮೂರ ಸಲ ಸಾಬಾಣ ಹಚ್ಚಿ ಕೈ ತೊಳಕೊಂಡ್ಳ್ರಿ. ಈಗ ಒಯ್ದ ಕೊಟ್ರ ತಿಂತಾರೇನಬೇ ಅಂತ ಕೇಳಿದ್ಳು. ನಾ ಅಕಿಗಿ ಏನ ಹೇಳ್ಲಿ?"

ಆಮೇಲೆ ವಿಜಯಪುರದ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ಕಾಲೇಜು ಓದುವ ಮಗಳಿಗೆ ಫೋನು ಹಚ್ಚಿದಳು. ಸೆರಗಿಲ್ಲದ ಕೈಯಿಂದಲೇ ಅವನ ಕಿವಿಗೆ ಹಿಡಿದಳು. "ನನಗ ಹೇಳಿದ್ದನ್ನ ಅಕಿಗಿ ಹೇಳ್ರಿ."

ಪ್ರಲ್ಹಾದ ತೊದಲುತ್ತ ಎಲ್ಲವನ್ನೂ ಹೇಳಿದ. ಚಟ್ನಿ, ಹಿಂದೆ ಸರಿದದ್ದು, ಸುಳ್ಳು.

"ಸಿಟ್ಟಿದ್ರ ಬೈದುಬಿಡು ತಂಗಿ," ಎಂದ.

"ಸಿಟ್ಟಲ್ರಿ ಸರ್," ಎಂದಳು ಶೈಲಶ್ರೀ. "ಆವತ್ತ ಹೇಳಿದ್ರ ಮಜ್ಜಿಗಿ ತರ್ತಿದ್ನೆಲ್ರಿ. ಮನ್ಯಾಗ ಇತ್ತು."