ಕೊಡಪಾನ ಇಟ್ಟದ್ದು ಯಾರು?

ನನ್ನ ಮಗುವನ್ನು ನೋಡಿಕೊಳ್ಳಲು ಬಂದ ಹೆಂಗಸಿನ ಎಡಗೈ ಮಣಿಕಟ್ಟಿನಿಂದ ಮೊಣಕೈಯ ತನಕ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಬೆಂದ ಗಾಯದ ಕಲೆ. ಹಲ್ಲು ಬರುತ್ತಿದ್ದ ನನ್ನ ಮಗ ಬೇರೆಲ್ಲ ಬಿಟ್ಟು ಆ ಕೈಯನ್ನೇ ಕಚ್ಚುತ್ತಿದ್ದ. ಕಚ್ಚಲಿ ಬಿಡಿ, ಅದಕ್ಕೆ ನೋವು ಗೊತ್ತಾಗುವುದಿಲ್ಲ ಎಂದು ನಗುತ್ತಿದ್ದರು.

ನಾವು ದುಬೈಯಿಂದ ಹತ್ತು ದಿನದ ರಜೆಗೆ ಬಂದು ಮೂಡುಬಿದಿರೆಯ ಒಂದು ಹೋಂಸ್ಟೇಯಲ್ಲಿ ಇಳಿದಿದ್ದೆವು. ಗಂಡನಿಗೆ ಚಾರ್ಮಾಡಿ ಘಾಟಿ ಸುತ್ತುವ ಹುಚ್ಚು, ಮಗನಿಗೆ ಎರಡು ತಿರುವು ದಾಟಿದರೆ ವಾಂತಿ. ಹೋಂಸ್ಟೇಯ ಯಜಮಾನರು ಮಗು ನೋಡಿಕೊಳ್ಳಲು ಅಳದಂಗಡಿ ಕಡೆಯ ಒಬ್ಬರನ್ನು ಕರೆಸಿದರು. ಗುರುತು ಪರಿಚಯ ಇಲ್ಲದವರ ಕೈಗೆ ಮಗು ಕೊಡುವುದೆಂದರೆ ಜೀವ ಬಾಯಿಗೆ ಬಂದಿತ್ತು ನನಗೆ. ನಾನು ವಿಚಾರಿಸುವ ಮೊದಲೇ ಅವರು ಕೇಳಿದರು, ನೀವು ಯಾವ ಮನೆಯವರು ಎಂದು. ನಮ್ಮಲ್ಲಿ ಅದನ್ನು ಕೇಳದವರು ಯಾರಿದ್ದಾರೆ? ಸಿದ್ಧಕಟ್ಟೆಯಲ್ಲಿರುವ ಗಂಡನ ದೊಡ್ಡಮ್ಮನ ಮನೆಯ ಹೆಸರು ಹೇಳಿದೆ. ಆ ಹೆಸರನ್ನು ತಾವೂ ಒಮ್ಮೆ ಹೇಳಿಕೊಂಡು, ಆಮೇಲೆ ಮಗುವಿಗೆ ಎರಡೂ ಕೈ ಚಾಚಿದರು.

ಮೊದಲ ದಿನ ಕಾರಿನಿಂದ ಏಳು ಸಲ ಫೋನ್ ಮಾಡಿದೆ. ಏಳು ಸಲವೂ ಬೇಸರವಿಲ್ಲದೆ ಎತ್ತಿದರು. ಮೂರನೆಯ ದಿನಕ್ಕೆ ಅವರು ನಮಗೆಲ್ಲ ಅಕ್ಕ ಆಗಿದ್ದರು. ರಾಗಿ ಮಣ್ಣಿಯನ್ನು ತಾವು ಒಂದು ಚಮಚ ತಿಂದು ನೋಡದೆ ಮಗುವಿನ ಬಾಯಿಗೆ ಇಟ್ಟವರಲ್ಲ. ಸ್ನಾನದ ನೀರಿಗಂತೂ ಬಲಗೈಯ ಮೊಣಕೈಯನ್ನು ಮೂರು ಸಲ ಅದ್ದುವರು. ಸಾಕಲ್ಲ ಅಕ್ಕ, ನೀರು ಆಗಲೇ ಆರಿದೆ ಎಂದು ನಾನು ತಮಾಷೆ ಮಾಡಿದರೆ, "ನೀರು ಆರ್ತದೆ, ಮಾತು ಆರುವುದಿಲ್ಲ" ಎನ್ನುವರು. ನನಗೆ ಆಗ ಅರ್ಥವಾಗಲಿಲ್ಲ.

ರಜೆಯ ಕೊನೆಯ ದಿನ ದೊಡ್ಡಮ್ಮನ ಮನೆಯಲ್ಲಿ ನೆಂಟರಿಗೆಲ್ಲ ಊಟ. ಈ ದೊಡ್ಡಮ್ಮನ ಬಾಯಿ ಬೊಂಬಾಯಿ, ಮನೆಯಲ್ಲಿ ಅವರೆದುರು ಮಾತಾಡುವ ಗಂಡಸು ಹುಟ್ಟಿಲ್ಲ. ಅಕ್ಕ ತಾವಾಗಿಯೇ ಬರುತ್ತೇನೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟರು. ಚಾವಡಿಗೆ ಕಾಲಿಟ್ಟದ್ದೇ ತಡ, ದೊಡ್ಡಮ್ಮನ ಕಣ್ಣು ಆ ಎಡಗೈ ಮೇಲೆ ಬಿತ್ತು.

"ಇವಳನ್ನು ಯಾರು ಕರ್ಕೊಂಡು ಬಂದದ್ದು? ನನ್ನ ಮಗನಿಗೆ ಬಿಸಿನೀರು ಹೊಯ್ದವಳು ಇವಳು."

ನಾನೇನು ಮಾಡಿದೆ? ಹೇಳಲು ನಾಚಿಕೆಯಾಗುತ್ತದೆ. ಓಡಿಹೋಗಿ ಅವರ ಕಂಕುಳಿನಿಂದ ಮಗುವನ್ನು ಕಸಿದುಕೊಂಡೆ. ಮಗ ಅವರ ಕಡೆ ಕೈ ಚಾಚಿ ಅರಚಿದ. ಅಕ್ಕ ನನ್ನತ್ತ ನೋಡಲೇ ಇಲ್ಲ.

"ಕೊಡಪಾನ ಅಲ್ಲಿ ಇಟ್ಟದ್ದು ಯಾರು ಅಂತ ಒಮ್ಮೆ ಹೇಳಿ ಅಮ್ಮ. ಅಷ್ಟು ಕೇಳ್ಲಿಕ್ಕೆ ಬಂದದ್ದು ನಾನು."

ದೊಡ್ಡಮ್ಮ ಮುಖ ತಿರುಗಿಸಿ ಅಡುಗೆಮನೆಗೆ ಹೋದರು. ನಾವು ಅಕ್ಕನ ಜೊತೆ ಹೊರಬಿದ್ದೆವು. ದೊಡ್ಡಪ್ಪ ಮಾತ್ರ ಗೇಟಿನ ತನಕ ಹಿಂದೆಯೇ ಬಂದು ಅಕ್ಕನಿಗೆ ಕೈಮುಗಿದರು. ಹೇಡಿ ಮನುಷ್ಯ, ಆ ಕೈಯನ್ನು ಚಾವಡಿಯಲ್ಲಿ ಮುಗಿದಿದ್ದರೆ ಏನಾಗುತ್ತಿತ್ತು?

ಕಾರಿನಲ್ಲಿ ಅಕ್ಕ ಎಲ್ಲ ಹೇಳಿದರು. ಮೂವತ್ತು ವರ್ಷದ ಹಿಂದೆ ಆ ಮನೆಯ ಮಗನನ್ನು ನೋಡಿಕೊಳ್ಳುತ್ತಿದ್ದವರು ಅವರೇ. ದೊಡ್ಡಮ್ಮ ಕುದಿಯುವ ನೀರಿನ ಕೊಡಪಾನವನ್ನು ಬಚ್ಚಲ ಕಟ್ಟೆಯ ಅಂಚಿನಲ್ಲಿಟ್ಟು ಪಕ್ಕದ ಮನೆಯವರೊಡನೆ ಮಾತಿಗೆ ನಿಂತಿದ್ದರು. ಮಗು ಅದನ್ನು ಹಿಡಿದೆಳೆಯಿತು. ಅಕ್ಕ ಕೈ ಅಡ್ಡ ಹಿಡಿದರು. ಮಗುವಿನ ಪಾದಕ್ಕೆ ನಾಲ್ಕು ಹನಿ, ಉಳಿದದ್ದೆಲ್ಲ ಇವರ ಕೈಗೆ. ತಪ್ಪೂ ಇವರ ತಲೆಗೆ. ಆಮೇಲೆ ಆ ಊರಲ್ಲಿ ಯಾರೂ ಇವರ ಕೈಗೆ ಮಗು ಕೊಡಲಿಲ್ಲ. ತವರಿಗೆ ಬಂದು ಬೀಡಿ ಕಟ್ಟಿ ಬದುಕಿದರು.

ಮಗುವನ್ನು ಕಸಿದುಕೊಂಡದ್ದಕ್ಕೆ ನಾನು ಕ್ಷಮೆ ಕೇಳಿದೆ.

"ನೀವು ತಾಯಿ, ಓಡಿ ಬರ್ಲೇಬೇಕು. ಅವತ್ತು ಅವರೂ ಹೀಗೆ ಓಡಿ ಬಂದಿದ್ದರೆ ನನ್ನ ಕೈ ಬೇಯ್ತಿರಲಿಲ್ಲ."

ಮರುವರ್ಷ ಮಳೆಗಾಲದಲ್ಲಿ ಅಕ್ಕ ಜ್ವರದಿಂದ ತೀರಿಕೊಂಡರೆಂದು ಹೋಂಸ್ಟೇಯವರು ಫೋನ್ ಮಾಡಿದರು. ಅವರ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ. ಅಂದೇ ಹಟ ತೊಟ್ಟೆ. ಕ್ಷಮಿಸುವುದು ದೊಡ್ಡ ಗುಣವಂತೆ, ಇದ್ದವರು ಇಟ್ಟುಕೊಳ್ಳಲಿ.

ಈ ಸಲದ ರಜೆಗೆ ಎರಡನೆಯ ಮಗುವನ್ನು ಎತ್ತಿಕೊಂಡು ಬಂದೆ, ಹೆಣ್ಣು. ಅದೇ ಚಾವಡಿ, ಅದೇ ನೆಂಟರು. ಬಾಲೆಯನ್ನು ಒಮ್ಮೆ ಕೊಡು ಮಾರಾಯ್ತಿ ಎಂದು ದೊಡ್ಡಮ್ಮ ಕೈ ಚಾಚಿದರು.

"ಮೊದಲು ಹೇಳಿ ದೊಡ್ಡಮ್ಮ, ಕೊಡಪಾನ ಇಟ್ಟದ್ದು ಯಾರು?"

ಗಂಡ ಹಿಂದಿನಿಂದ ಚಿವುಟಿದ. ನಾನು ಕದಲಲಿಲ್ಲ. ಈ ಸಲ ದೊಡ್ಡಮ್ಮನಿಗೆ ಅಡುಗೆಮನೆಗೆ ದಾರಿಯಿರಲಿಲ್ಲ, ಬಾಗಿಲಿಗೆ ಅಡ್ಡ ಅವರ ಮಗನೇ ನಿಂತಿದ್ದ. ನೆಟ್ಟಗಿರುವ ಎರಡು ಕಾಲಿನ ಮೇಲೆ.

"ನಾನೇ" ಎಂದರು.

ಕೇಳಿಸಲಿಲ್ಲ ಎಂದೆ.

"ನಾನೇ ಇಟ್ಟದ್ದು. ಆಯ್ತಾ?"

ಹೊಟ್ಟೆ ತಣ್ಣಗಾಯಿತು. ದೊಡ್ಡಮ್ಮನ ಕೈ ಇನ್ನೂ ಚಾಚಿಯೇ ಇತ್ತು. ಅಕ್ಕ ಇದ್ದಿದ್ದರೆ, ಪಾಪ, ಮಗುವನ್ನು ಕೊಡಿ ಎನ್ನುತ್ತಿದ್ದರೋ ಏನೋ. ನಾನು ಕೊಡಲಿಲ್ಲ.